ಎಂಬತ್ತಾರನೇ ನಿಮಿಷದ ಮಾತು

...ಅಲ್ಲ, ನಗೋದಾದ್ರೆ ಬಾಯಲ್ಲಿ ನಗು, ತೊಡೆಯಲ್ಲಿ ನಗಬೇಡ. ಕೈಯೆಲ್ಲ ಎಣ್ಣೆ, ಜಾರಿದ್ರೆ ಈ ಹೆಬ್ಬೆರಳು ಎಲ್ಲಿಗೆ ಹೋಗಿ ಚುಚ್ಚುತ್ತೋ ನಂಗೇ ಗೊತ್ತಿಲ್ಲ. ಆಮೇಲೆ ಮನೆಗೆ ಹೋಗಿ ಹೆಂಡ್ತಿ ಹತ್ರ 'ನಿಮ್ಮಪ್ಪ ನನ್ನ ತೊಡೆ ಹಿಂಡಿ ಹಾಕಿದ್ರು' ಅಂತೀಯ. ಅವಳು ನನಗೆ ಫೋನ್ ಮಾಡ್ತಾಳೆ. ಯಾರಿಗೆ ಬೇಕು ಆ ರಗಳೆ? ಮುಖ ಕೆಳಗೆ ಹಾಕು. ಹಾಂ, ಮೂಗು ಆ ತೂತಿನಲ್ಲಿ ಸರಿಯಾಗಿ ಇರಲಿ.

ಏನು, ಮತ್ತೆ 'ನೀನು' ಅಂದೆ ಅಂತಾನಾ? ಅಳಿಯಂದ್ರೇ, ಆ ಒಪ್ಪಂದ ನಾವು ಮದುವೆ ವರ್ಷವೇ ಮಾಡ್ಕೊಂಡಿದ್ದೀವಿ. ಮನೇಲಿ ನೀವು, ಈ ಮೇಜಿನ ಮೇಲೆ ನೀನು. ಹದಿನೇಳು ವರ್ಷದವನಿದ್ದಾಗ ಈ ಮೇಜಿಗೆ ಬಂದೆ. ಕಾಲು ಅನ್ನೋದು ಎರಡು ಕಡ್ಡಿ, ಅಷ್ಟೇ. ಅದನ್ನ ತಿಕ್ಕಿ ತೀಡಿ ಕ್ಯಾಪ್ಟನ್ನಿನ ಕಾಲು ಮಾಡಿದ್ದು ಈ ಕೈ. ನೀನೋ, ಮಸಾಜಿಗೆ ಅಂತ ಬಂದು ನನ್ನ ಮಗಳನ್ನೇ ಹಾರಿಸ್ಕೊಂಡು ಹೋದೆ. ಚಡ್ಡೀಲಿ ಬೋರಲಾಗಿ ಮಲಗಿರೋ ಮನುಷ್ಯನಿಗೆ ಬಹುವಚನ ಹಾಕೋಕೆ ನನ್ನ ನಾಲಿಗೆ ಹೊರಳಲ್ಲಪ್ಪ.

ನೋಡು, ಮತ್ತೆ ತೊಡೆಯಲ್ಲಿ ನಗ್ತಾ ಇದ್ದೀಯ.

ಬರ್ತಾ ಕಾರಿಡಾರಿನಲ್ಲಿ ನೋಡಿದ್ಯಾ? ಹಲಗೆಗಳು ಹಾಗೇ ಇವೆ. ಹದಿನಾಲ್ಕು ತಂಡ, ಹದಿನಾಲ್ಕು ಹಲಗೆ, ಹದಿನಾಲ್ಕು ಮೊಳೆ. ಪ್ರತಿ ಸೋಮವಾರ ಬೆಳಿಗ್ಗೆ ಎಂಟಕ್ಕೆಲ್ಲ ಬಟ್ಟೆ ಒಗೆಯೋ ಅಕ್ಕ ಬಂದು, ಹಿಂದಿನ ದಿನದ ಫಲಿತಾಂಶ ನೋಡಿ, ಮೇಲಿನದು ಕೆಳಗೆ ಕೆಳಗಿನದು ಮೇಲೆ ಹಾಕ್ತಾಳಲ್ಲ. ಇವತ್ತು ಹತ್ತು ಗಂಟೆ ಆಯ್ತು, ನಮ್ಮ ಹಲಗೆ ಇನ್ನೂ ಹನ್ನೆರಡನೇ ಮೊಳೆಯಲ್ಲೇ ನೇತಾಡ್ತಿದೆ. ಅದರ ಕೆಳಗೆ ಆ ಕೆಂಪು ದಾರ. ದಾರದ ಕೆಳಗೆ ಇರೋದು ಎರಡೇ ಮೊಳೆ, ಅಲ್ಲಿಗೆ ಇಳಿದೋರು ಮುಂದಿನ ವರ್ಷ ಎರಡನೇ ಡಿವಿಷನ್ನಿಗೆ. ಯಾಕಕ್ಕಾ ಇನ್ನೂ ಬದಲಾಯಿಸಿಲ್ಲ ಅಂದೆ. ಕೈ ಒದ್ದೆ ಇದೆ, ಆಮೇಲೆ ಮಾಡ್ತೀನಿ ಅಂದಳು. ಕೈ ಒಣಗೇ ಇತ್ತು. ನಾನೂ ಕೇಳಿದ್ದಕ್ಕೆ ಕೇಳಿದೆ, ಸುಮ್ಮನೆ ಬಂದೆ. ಒಂದು ಗೇಣು ಕೆಳಗೆ ಇಳಿಸಬೇಕು ಅಷ್ಟೇ. ಆ ಒಂದು ಗೇಣಿಗೆ ಯಾರಿಗೂ ಕೈ ಬರ್ತಿಲ್ಲ.

ಉಸಿರು ಬಿಡು. ಹಿಡ್ಕೊಂಡಿದ್ದೀಯ. ಹಾಂ.

ನಿನ್ನ ಮಗಳು ಬೆಳಿಗ್ಗೆ ಫೋನ್ ಮಾಡಿದ್ಲು, ಗೊತ್ತಾ? ನೀನು ಮಲಗಿದ್ಯಂತೆ. 'ತಾತ, ಒಂದು-ಒಂದು ಅಂದ್ರೆ ಸೋತಿಲ್ಲ ತಾನೇ? ಮತ್ತೆ ಅಪ್ಪ ಯಾಕೆ ಊಟ ಮಾಡಲಿಲ್ಲ?' ಅಂದ್ಲು. ಆರು ವರ್ಷದ ಮಗುವಿಗೆ ಪಾಯಿಂಟ್ಸ್ ಪಟ್ಟಿ ಹೇಳಿಕೊಡೋ ಕಷ್ಟ ನನ್ನ ಪಾಲಿಗೆ ಬಂತು. ಕೇಳಿಸ್ಕೋ, ಸರಿಯಾಗಿ ಹೇಳಿದ್ನಾ ನೋಡು. ನಿನ್ನೆ ಆಟಕ್ಕೆ ಇಳಿಯುವಾಗ ನಮಗೆ ಮೂವತ್ತೊಂದು ಪಾಯಿಂಟು ಪುಟ್ಟಿ, ನದಿಯಾಚೆಯ ಕ್ಲಬ್ಬಿನವರಿಗೆ ಇಪ್ಪತ್ತೊಂಬತ್ತು. ಸಮ ಆದ್ರೆ ಒಂದು, ಗೆದ್ರೆ ಮೂರು. ನಾವು ಇಲ್ಲಿ ಸಮ ಮಾಡ್ಕೊಂಡ್ವಿ, ಅವರು ಅಲ್ಲಿ ಗೆದ್ರು. ಇಬ್ಬರದೂ ಮೂವತ್ತೆರಡು. ಆವಾಗ ಏನು ನೋಡ್ತಾರೆ ಅಂದ್ರೆ, ವರ್ಷಪೂರ್ತಿ ಯಾರು ಎಷ್ಟು ಗೋಲು ಹೊಡೆದ್ರು, ಎಷ್ಟು ಹೊಡೆಸ್ಕೊಂಡ್ರು. ನಾವು ಹೊಡೆದದ್ದಕ್ಕಿಂತ ಹದಿನಾಲ್ಕು ಜಾಸ್ತಿ ಹೊಡೆಸ್ಕೊಂಡಿದ್ದೀವಿ, ಅವರು ಒಂಬತ್ತು. ಅದಕ್ಕೇ ಅವರು ಉಳಿದ್ರು, ನಾವು ಇಳಿದ್ವಿ.

ಅದಕ್ಕೆ ಅವಳು ಏನಂದ್ಲು ಗೊತ್ತಾ? 'ಹಾಗಾದ್ರೆ ನೀವು ಇನ್ನೊಂದು ಗೋಲು ಹೊಡೀಬೇಕಿತ್ತು, ತಾತ.' ನಮ್ಮ ಕೋಚು ಪೆಪ್ಪರಮಿಂಟಿಗಿಂತ ವಾಸಿ ಅಲ್ವಾ? ಅವರನ್ನ ಕಳಿಸಿ ಇವಳನ್ನೇ ಕೋಚ್ ಮಾಡಬೇಕು. ಬೆಂಚಲ್ಲಿ ಕೂತು ಚೀಪೋ ಆ ಪೆಪ್ಪರಮಿಂಟಾದ್ರೂ ಇವಳೇ ತಿನ್ನಲಿ.

ಮೀನಖಂಡ ಗಂಟು ಗಂಟಾಗಿದೆ. ನಿನ್ನೆ ಐಸು ಇಟ್ಕೋ ಅಂದ್ರೆ ಇಟ್ಕೊಂಡಿಲ್ಲ ಅಲ್ವಾ? ಇಟ್ಕೊಂಡೆ ಅಂತ ತಲೆ ಆಡಿಸಬೇಡ, ಈ ಕೈಗೆ ಸುಳ್ಳು ನಡೆಯಲ್ಲ.

ಎರಡನೇ ಡಿವಿಷನ್ನು ಅಂದ್ರೆ ನೀನು ನೋಡಿಲ್ಲ, ನಾನು ನೋಡಿದ್ದೀನಿ. ಈ ಕ್ಲಬ್ಬಿಗೆ ಬಂದ ಹೊಸದರಲ್ಲಿ ನಾಲ್ಕು ವರ್ಷ ಅಲ್ಲೇ ಇದ್ವಿ. ಒಂದು ಮೈದಾನ ಇದೆ, ಒಂದು ಗೋಲ್‌ಪೋಸ್ಟ್ ಏರಿನಲ್ಲಿ, ಇನ್ನೊಂದು ಇಳಿಜಾರಿನಲ್ಲಿ. ಮೊದಲ ಅರ್ಧ ಇಳೀತಾ ಆಡಿದೋರು ಎರಡನೇ ಅರ್ಧ ಹತ್ತುತ್ತಾ ಸಾಯ್ತಾರೆ. ಇನ್ನೊಂದು ಕಡೆ ಹೊರಗಿನ ತಂಡಕ್ಕೆ ಅಂತ ಕೊಡೋ ರೂಮಿಗೂ ಪಕ್ಕದ ಸಂಗೀತದ ಕ್ಲಾಸಿಗೂ ಒಂದೇ ಗೋಡೆ. ಕೋಚು ಹೀಗೆ ಆಡಿ ಹಾಗೆ ಆಡಿ ಅಂತಿದ್ರೆ ಆ ಕಡೆಯಿಂದ ಸ, ರಿ, ಗ, ಮ. ಸ್ನಾನಕ್ಕೆ ಹನ್ನೊಂದು ಜನಕ್ಕೆ ಒಂದು ನಲ್ಲಿ. ನಿನ್ನಂಥ ಸೋಪು ಪ್ರಿಯರು ಏನು ಮಾಡ್ತೀರೋ ನೋಡಬೇಕು. ನೋಡೋಕೆ ನಾನಿರ್ತೀನೋ ಇಲ್ವೋ, ಅದು ಬೇರೆ ಮಾತು.

ಅಯ್ಯೋ, ಯಾಕೆ ತಲೆ ಎತ್ತಿದೆ? ನಿಜ ತಾನೇ? ಕೆಳಗೆ ಇಳಿದ ಕ್ಲಬ್ಬು ಇಷ್ಟು ಜನರನ್ನ ಇಟ್ಕೊಳ್ಳಲ್ಲ. ಹಿಂದಿನ ಸಲ ಇಳಿದಾಗ ಅರ್ಧಕ್ಕರ್ಧ ಜನರನ್ನ ಕಳಿಸಿದ್ರಂತೆ, ಗೇಟಿನ ಅಜ್ಜ ಹೇಳ್ತಿರ್ತಾನೆ. ಅಡುಗೆಯವರು, ಒಗೆಯೋ ಅಕ್ಕ, ಹುಲ್ಲು ಕತ್ತರಿಸೋ ಅಣ್ಣ-ತಮ್ಮ, ನಾನು. ಬೆನ್ನು ಉಜ್ಜೋ ಮುದುಕ ಯಾರಿಗೆ ಬೇಕು? ಈಗೆಲ್ಲ ಮಷೀನು ಬಂದಿದೆ, ಗರ್ರ್ ಅಂತ ಒತ್ತಿದ್ರೆ ಆಯ್ತು. ಅದು ಮಾತಾಡಲ್ಲ ಕೂಡ. ನಿನಗೆ ಒಳ್ಳೆಯದೇ.

ಮಲಗು, ಮಲಗು. ತಮಾಷೆಗೆ ಅಂದೆ.

ಏನು ಗೊಣಗಿದೆ? ಬ್ಯಾಟರಿನಾ? ನೀನೂ ಶುರು ಮಾಡಬೇಡ ಮಾರಾಯ. ನಿನ್ನೆ ಸಂಜೆಯಿಂದ ಯಾರನ್ನ ನೋಡಿದ್ರೂ ಬ್ಯಾಟರಿ, ಬ್ಯಾಟರಿ. ಗೇಟಿನ ಅಜ್ಜ ಬೆಳಿಗ್ಗೆ ಒಳಗೆ ಬಿಡುವಾಗ ಎರಡು ಹೊಸ ಬ್ಯಾಟರಿ ಕೈಯಲ್ಲಿಟ್ಟ. ಆಡ್ಕೊಳ್ಳೋಕೆ ಒಂದು ಮಿತಿ ಬೇಡ್ವಾ!

ತಪ್ಪು ನಂದೇ, ಇಲ್ಲ ಅಂತೀನಾ? ಪೆಪ್ಪರಮಿಂಟು ಎರಡು ವರ್ಷದ ಹಿಂದೆ ಆ ನಿಯಮ ಮಾಡಿದಾಗ ಎಲ್ಲರೆದುರಿಗೆ ಒಪ್ಕೊಂಡವನು ನಾನೇ. ನೆನಪಿದೆಯಲ್ಲ? ಅವತ್ತೂ ಹೀಗೇ ಕೊನೇ ಆಟ. 'ಅಲ್ಲಿ ಗೋಲ್ ಆಯ್ತು, ಅಲ್ಲಿ ಗೋಲ್ ಆಯ್ತು' ಅಂತ ಗ್ಯಾಲರಿಯಲ್ಲಿ ಯಾರೋ ಹಬ್ಬಿಸಿದ್ರು. ನೀವೆಲ್ಲ ಬಿದ್ದೆನೋ ಕೆಟ್ಟೆನೋ ಅಂತ ಮುಂದೆ ನುಗ್ಗಿದ್ರಿ, ಹಿಂದೆ ಗೋಲ್‌ಕೀಪರ್ ಒಬ್ಬನೇ, ಹೊಡೆಸ್ಕೊಂಡ್ರಿ. ಆಮೇಲೆ ನೋಡಿದ್ರೆ ಅಲ್ಲಿ ಗೋಲೇ ಆಗಿರಲಿಲ್ಲ. ಆವತ್ತಿಂದ ನಿಯಮ. ಕೊನೇ ಆಟದ ದಿನ ಬೆಂಚಿನಲ್ಲಿ ಯಾರ ಹತ್ರನೂ ಫೋನ್ ಇರಕೂಡದು. ಗ್ಯಾಲರಿ ಏನೇ ಕಿರುಚಲಿ, ಕಿವಿಗೆ ಹಾಕ್ಕೋಬಾರದು. ನನ್ನ ಔಷಧಿ ಚೀಲದಲ್ಲಿ ಒಂದು ರೇಡಿಯೋ, ಅದರ ವೈರು ನನ್ನ ಎಡಕಿವಿಗೆ. ಅಲ್ಲಿನ ಸುದ್ದಿ ನಾನು ಹೇಳಬೇಕು, ನಿನಗೊಬ್ಬನಿಗೇ ಹೇಳಬೇಕು. ಕೋಚಿಗೂ ಬೇಡ, ಅವರಿಗೆ ಎದೆ ಡವಡವ ಅನ್ನುತ್ತಂತೆ. ನಾನು ಹೇಳಿದ್ದೇ ಸುದ್ದಿ, ಮಿಕ್ಕಿದ್ದೆಲ್ಲ ಗಾಳಿಮಾತು.

ಅಂಥ ರೇಡಿಯೋ ಎಂಬತ್ತನೇ ನಿಮಿಷಕ್ಕೆ ಗೊರ್ ಅಂತು, ಸತ್ತುಹೋಯ್ತು. ಏನು ಮಾಡ್ಲಿ? ಹಿಂದಿನ ದಿನ ಬದಲಾಯಿಸಬೇಕಿತ್ತು, ಮರೆತೆ. ಪೆಪ್ಪರಮಿಂಟು ಎಲ್ಲರೆದುರಿಗೆ ನನಗೆ ಚೆನ್ನಾಗಿ ಝಾಡಿಸಿದ್ರು, ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಎರಡು ಬ್ಯಾಟರಿ ಹಾಕೋದು ಕಲೀಲಿಲ್ವಾ ಅಂತ. ಅಂದ್ಕೊಳ್ಳಲಿ. ನೀನು ಮಾತ್ರ ಬಂದು ಹೆಗಲ ಮೇಲೆ ಕೈ ಹಾಕಿ 'ಬಿಡಿ ಮಾವ' ಅಂದೆ. ಒಗೆಯೋ ಅಕ್ಕನೂ ಅಷ್ಟೇ. ಬೆಳಿಗ್ಗೆ ಟೀ ತಂದು ಕೊಟ್ಟು, ಬ್ಯಾಟರಿ ತಾನೇ, ಯಾರಿಗಾದ್ರೂ ಆಗುತ್ತೆ ಅಂದಳು. ಗಂಡ ಇಲ್ಲ, ಮಗ ಓದ್ತಿದ್ದಾನೆ, ಇದೊಂದೇ ಕೆಲಸ. ಅವಳು ನನಗೆ ಸಮಾಧಾನ ಹೇಳ್ತಾಳೆ ನೋಡು. ಟೀ ಹಾಗೇ ಇದೆ, ಕಿಟಕಿ ಮೇಲೆ. ಕೆನೆ ಕಟ್ಟಿದೆ.

ತಿರುಗು ಈಗ. ಬೆನ್ನ ಮೇಲೆ ಮಲಗು. ಟವೆಲ್ ಕಣ್ಣಿನ ಮೇಲೆ ಹಾಕ್ತೀನಿ, ಆ ಕಿಟಕಿ ಬೆಳಕು ಕಣ್ಣಿಗೇ ಹೊಡೆಯುತ್ತೆ. ಬಲಗಾಲು ಕೊಡು. ನಿಧಾನ... ನಿಧಾನ ಅಂದ್ನಲ್ಲ.

ಈ ಮಂಡಿ. ಈ ಮಂಡಿ ನನ್ನ ಆಯಸ್ಸು ತಿಂದುಬಿಡ್ತು. ಡಾಕ್ಟರು ಏನಂದ್ರು? ಇನ್ನೊಂದು ಸಲ ಹರಿದ್ರೆ ಆಟದ ಮಾತು ಬಿಡಿ, ಮನೆ ಮೆಟ್ಟಿಲು ಹತ್ತೋಕೂ ಕೋಲು ಬೇಕಾಗುತ್ತೆ ಅಂದ್ರು. ನೀನೇನಂದೆ? ಕೊನೇ ಆಟ ಒಂದು ಆಡಿಬಿಡ್ತೀನಿ ಮಾವ, ಕೋಚಿಗೆ ಹೇಳಬೇಡಿ, ನಿಮ್ಮ ಮಗಳಿಗಂತೂ ಹೇಳಲೇಬೇಡಿ. ಡಾಕ್ಟರು, ನೀನು, ನಾನು, ಮೂರೇ ಜನಕ್ಕೆ ಗೊತ್ತು. ನಾನೂ ಕತ್ತೆ ಹಾಗೆ ತಲೆ ಆಡಿಸಿ, ನಿನ್ನೆ ಈ ಮಂಡಿಗೆ ಪಟ್ಟಿ ಸುತ್ತಿ ಕಳಿಸಿದೆ. ಮಗಳು ಗ್ಯಾಲರಿಯಿಂದ ಕೈ ಬೀಸಿದ್ಲು, ನಾನೂ ಬೀಸಿದೆ.

ಯಾಕೆ ಕಾಲು ಎಳ್ಕೊಂಡೆ? ನೋವಿಗಾ, ಮಾತಿಗಾ? ಮಾತಿಗಾದ್ರೆ ಸಹಿಸ್ಕೋ.

ಎಂಬತ್ತಾರನೇ ನಿಮಿಷದಲ್ಲಿ ನೀನು ಬಿದ್ದಾಗ ಎಲ್ಲರೂ ಸ್ನಾಯು ಹಿಡ್ಕೊಂಡಿದೆ ಅಂದ್ಕೊಂಡ್ರು. ಹೊತ್ತು ಕಳೆಯೋಕೆ ನಾಟಕ ಅಂತ ರೆಫ್ರಿ ಗಡಿಯಾರ ತೋರಿಸಿದ. ನಾನು ಚೀಲ ಹಿಡ್ಕೊಂಡು ಓಡಿ ಬಂದೆ. ಈ ವಯಸ್ಸಲ್ಲಿ ನಾನು ಓಡೋದು ನೋಡಿ ಗ್ಯಾಲರಿ ಚಪ್ಪಾಳೆ ತಟ್ತು, ಕೇಳಿಸ್ತಾ? ನಿನಗೆಲ್ಲಿ ಕೇಳಿಸಬೇಕು. ನೀನು ನನ್ನ ತೋಳು ಹಿಡ್ಕೊಂಡು, ಅಲ್ಲಿ ಎಷ್ಟು ಮಾವ ಅಂದೆ. ಸೊನ್ನೆ-ಸೊನ್ನೆ ಅಂದೆ. ಕೊನೆಗೆ ಕೇಳಿಸಿದ್ದು ಅದೇ ತಾನೇ? ಬ್ಯಾಟರಿ ಹೋಗಿದೆ ಅಂತ ಆಗಲೇ ಹೇಳಬೇಕಿತ್ತು, ಗಡಿಬಿಡಿಯಲ್ಲಿ... ಸೊನ್ನೆ-ಸೊನ್ನೆ, ಸಮ ಸಾಕು, ನೀನು ಓಡಬೇಡ, ಹಿಂದೆ ನಿಂತ್ಕೊಂಡು ಚೆಂಡು ಕಾಯಿ ಅಂದೆ. ನೀನು ಹಾಗೇ ಮಾಡಿದೆ. ಯಾವತ್ತೂ ನನ್ನ ಮಾತು ಕೇಳದವನು ನಿನ್ನೆ ಕೇಳಿದೆ.

ಎಂಥಾ ಆಟ ಅಂತೀನಿ ಅದು! ಮೂಲೆಗೆ ಹೋಗಿ ಚೆಂಡಿನ ಮುಂದೆ ಬೆನ್ನು ಕೊಟ್ಟು ನಿಂತೆ, ಬಸ್ಸಿನಲ್ಲಿ ಸೀಟು ಹಿಡಿದವರ ಹಾಗೆ. ಜನ ಮುಂದೆ ಹೋಗ್ರೋ, ಮುಂದೆ ಹೋಗ್ರೋ ಅಂತ ಗಂಟಲು ಹರ್ಕೊಳ್ತಿದ್ದಾರೆ. ನಮ್ಮ ಜನ ಯಾವಾಗ ಕೂಗಿಲ್ಲ ಹೇಳು, ನಿಯಮ ಬೇರೆ ಇದೆ. ನೀನು ಅವರ ಕಡೆ ತಿರುಗಿ ತುಟಿ ಮೇಲೆ ಬೆರಳಿಟ್ಟೆ. ಶ್, ಸುಮ್ಮನಿರಿ ಅಂತ. ಆಮೇಲೆ ಸೀಟಿ ಹೊಡೆದಾಗ ಎರಡೂ ಕೈ ಮೇಲೆತ್ತಿ...

ಅದನ್ನ ಬಿಡು. ಅದು ಬೇಡ.

ಒಂದು ತಮಾಷೆ ಹೇಳ್ತೀನಿ ಕೇಳು, ಮುಖ ಅಷ್ಟು ಬಿಗಿ ಮಾಡ್ಕೋಬೇಡ. ನದಿಯಾಚೆಯವರ ಆ ಗೋಲು ಹೇಗಾಯ್ತು ಗೊತ್ತಾ? ಅವರ ಬೋಳುತಲೆ ಡಿಫೆಂಡರ್ ಇದ್ದಾನಲ್ಲ, ಜನ್ಮದಲ್ಲಿ ಗೋಲ್ ಹೊಡೆದವನಲ್ಲ. ಕಾರ್ನರ್ ಬಂತು. ಕಾಮೆಂಟರಿ ಹೇಳೋನು ಆಗಲೇ ನೀರು ಕುಡಿಯೋಕೆ ಹೋಗಿದ್ದಾನೆ, ನೆತ್ತಿಗೆ ಹತ್ತಿ ಖೊಕ್ ಖೊಕ್ ಅಂತ ಕೆಮ್ಮಿದ, ಕೆಮ್ಮಿದ, ನಿಲ್ಲಿಸೋದೇ ಇಲ್ಲ. ಹಿಂದೆ ಜನ ಹೋ ಅಂತ ಕೂಗ್ತಿದ್ದಾರೆ. ನಾನು ಕಿವಿಗೆ ಒತ್ತಿ ಹಿಡ್ಕೊಂಡಿದ್ದೀನಿ, ಏನಾಯ್ತೋ ಹೇಳೋ, ಕೆಮ್ಮಿ ಸಾಯೋದು ಆಮೇಲೆ ಸಾಯಿ ಅಂತ. ಕೊನೆಗೆ ಉಸಿರು ಎಳ್ಕೊಂಡು, 'ಕೇಳುಗರೇ, ಗೋಲ್ ಆಗಿದೆ, ಯಾರು ಹೊಡೆದ್ರು ಅಂತ ನಾನು ನೋಡಲಿಲ್ಲ, ದಯವಿಟ್ಟು ಕ್ಷಮಿಸಿ' ಅಂದ ನೋಡು! ಅಂಥ ಹೊತ್ತಲ್ಲೂ ನನಗೆ ನಗು...

ಯಾಕೆ, ನಗಲಿಲ್ಲ?

ಚೆನ್ನಾಗಿಲ್ವಾ?

ತೊಡೆ ಯಾಕೆ ಕಲ್ಲಾಯ್ತು? ಸಡಿಲ ಬಿಡು. ಬಿಡು ಅಂದೆ. ಟವೆಲ್ ಯಾಕೆ ತೆಗೆದೆ, ಬೆಳಕು ಬೀಳುತ್ತೆ ಕಣ್ಣಿಗೆ...

ಪೇಪರಿನಲ್ಲಿ ಬಂದಿತ್ತು. ಬೆಳಿಗ್ಗೆ ಪೇಪರಿನಲ್ಲಿ. ಇಲ್ಲ, ಪೇಪರಿನಲ್ಲಿ ಅಲ್ಲ, ಗೇಟಿನ ಅಜ್ಜ ಹೇಳಿದ. ಅವನ ಹತ್ರ ಒಂದು... ಅವನು ಕೇಳಿದ್ದನಂತೆ...

ಹಾಗೆ ನೋಡಬೇಡ. ಏನಾದ್ರೂ ಕೇಳು. ನಿಮ್ಮ ರೇಡಿಯೋ ಎಂಬತ್ತಕ್ಕೇ ಸತ್ತಿತ್ತಲ್ಲ ಮಾವ ಅಂತ ಕೇಳು. ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತೀನಿ, ಅದೂ ಮುಗಿಯುತ್ತೆ. ಬಾಯಿ ಬಿಡೋ.

...

ಸರಿ.

ಸತ್ತಿರಲಿಲ್ಲ. ಬ್ಯಾಟರಿ ಹಿಂದಿನ ದಿನವೇ ಬದಲಾಯಿಸಿದ್ದೆ. ಅವರು ಗೋಲ್ ಹೊಡೆದದ್ದು ಎಂಬತ್ಮೂರಕ್ಕೆ. ನೀನು ಬಿದ್ದದ್ದು ಎಂಬತ್ತಾರಕ್ಕೆ. ಮೊದಲಿಗೆ ನಂಬಿಕೆ ಬರಲಿಲ್ಲ, ಕೆಮ್ಮಿನಲ್ಲಿ ತಪ್ಪು ಕೇಳಿಸ್ತೇನೋ ಅಂತ ಕಾದೆ. ಅವನು ಇನ್ನೊಂದು ಸಲ ಹೇಳಿದ. ನಿನಗೆ ಕೈ ಮಾಡೋಕೆ ಅಂತ ಎದ್ದೆ. ಒಂದು ಗೋಲು ಬೇಕು, ನುಗ್ಗಿ ಅಂತ ಹೇಳೋಕೇ ಎದ್ದಿದ್ದು. ಆಣೆ ಬೇಕಾದ್ರೂ ಹಾಕ್ತೀನಿ. ಅಷ್ಟರಲ್ಲಿ ನೀನು ಬಿದ್ದೆ.

ಓಡಿ ಬಂದು ಮಂಡಿಚಿಪ್ಪಿನ ಕೆಳಗೆ ಹೆಬ್ಬೆರಳು ಇಟ್ಟೆ. ಒಳಗೆ ಹಿಡಿತವೇ ಇರಲಿಲ್ಲ. ಬಾಗಿಲ ತಿರುಗಣಿ ಸಡಿಲ ಆದ ಹಾಗೆ ಆ ಕಡೆ ಈ ಕಡೆ ಆಡ್ತಿತ್ತು. ಇನ್ನೊಂದು ಓಟ, ಒಂದೇ ಒಂದು ಓಟ ಸಾಕಿತ್ತು. ನಿನ್ನ ಸ್ವಭಾವ ನನಗೆ ಗೊತ್ತಿಲ್ವಾ? ನಿಜ ಹೇಳಿದ್ರೆ ನೀನು ನಿಲ್ತಿದ್ಯಾ? ಭುಜದ ಎಲುಬು ಮುರ್ಕೊಂಡು ಅರ್ಧ ಆಟ ಆಡಿದವನು ನೀನು. ನಾಲ್ಕು ನಿಮಿಷ ಇತ್ತು. ಗೋಲ್ ಬರ್ತಿತ್ತೋ ಇಲ್ವೋ, ಕಾಲಂತೂ ಹೋಗ್ತಿತ್ತು.

ಹೊರಗೆ ಇಳಿಸೋಣ ಅಂದ್ರೆ ಮೂರೂ ಬದಲಿ ಆಟಗಾರರು ಆಗಿಹೋಗಿದ್ರು, ನೀನು ಇಳೀತಾನೂ ಇರಲಿಲ್ಲ. ನೀನು ಕೇಳಿದೆ, ಬಾಯಿಗೆ ಸೊನ್ನೆ-ಸೊನ್ನೆ ಬಂತು. ಆಮೇಲೆ ಬ್ಯಾಟರಿ ಕಥೆ ಕಟ್ಟಿದೆ. ಅಷ್ಟೇ.

ರಾತ್ರಿಯಿಡೀ ನನಗೆ ನಾನೇ ಹೇಳ್ಕೊಂಡೆ, ಮಗಳಿಗೋಸ್ಕರ ಮಾಡಿದೆ, ಮೊಮ್ಮಗಳಿಗೋಸ್ಕರ ಮಾಡಿದೆ ಅಂತ. ಸುಳ್ಳು. ಆ ಹೊತ್ತಲ್ಲಿ ಅವರ್ಯಾರೂ ನೆನಪಿಗೆ ಬರಲಿಲ್ಲ. ಕಂಡದ್ದು ಈ ಕಾಲು ಒಂದೇ. ಹದಿನೇಳು ವರ್ಷ ತಿಕ್ಕಿದ್ದೀನಿ ಇದನ್ನ. ನನ್ನ ಕೈಯಾರೆ ಇದನ್ನ ಮುರಿಯೋಕೆ ಕಳಿಸಕ್ಕೆ ಆಗಲಿಲ್ಲ. ಅದಕ್ಕೆ ಎಷ್ಟು ಜನರ ಅನ್ನ ಹೋಯ್ತು ಅಂತ ನನಗೆ ಗೊತ್ತು. ಆ ಅಕ್ಕನ ಟೀ ಮುಟ್ಟೋಕೂ ಆಗಲಿಲ್ಲ ಕಣೋ.

ಬಯ್ಯಿ. ನನ್ನ ಹತ್ರ ಕೇಳದೆ ನನ್ನ ಆಟ ಯಾಕೆ ಮುಗಿಸಿದ್ರಿ ಅಂತ ಬಯ್ಯಿ. ಜನರ ಮುಂದೆ ತುಟಿಗೆ ಬೆರಳು ಇಡಿಸಿದ್ರಲ್ಲ ಅನ್ನು. ಅದು ನಿನಗೆ ಸಾಯೋವರೆಗೂ ಹೋಗಲ್ಲ, ನನಗೆ ಗೊತ್ತು. ಏನಾದ್ರೂ ಅನ್ನೋ.

ಇಳೀತೀಯಾ? ತಡಿ, ಹಾಗೆ ಧುಮುಕಬೇಡ, ಎಡಗಾಲು ಮೊದಲು ಊರು. ಹಾಂ... ಶರ್ಟು ಆ ಗೂಟದಲ್ಲಿದೆ. ಎಲ್ಲರಿಗೂ ಹೇಳ್ತೀಯಾ? ಹೇಳು. ಪೆಪ್ಪರಮಿಂಟಿಗೆ ಹೇಳು, ಆ ಅಕ್ಕನಿಗೆ ಮೊದಲು ಹೇಳು. ನಾನು ಇಲ್ಲೇ ಇರ್ತೀನಿ. ಮಗಳಿಗೆ... ಅವಳಿಗೂ ಹೇಳು. ನಾನು ತಡೆಯಲ್ಲ.

ಶರ್ಟು ಹಾಕ್ಕೊಂಡಾಯ್ತಾ?

ಹೋಗು. ಬಾಗಿಲು ಮಾತ್ರ ಹಾಕಬೇಡ, ಹಾಗೇ ತೆಗೆದಿಡು, ಕಾರಿಡಾರಿನ ಕೊನೆವರೆಗೂ ನೋಡಬೇಕು ನಾನು. ತಿರುಗಿ ನೋಡದಿದ್ರೂ ಪರವಾಗಿಲ್ಲ. ಇನ್ನು ಮೇಲೆ ಮಾತೇ ಆಡದಿದ್ರೂ... ಹೋಗು.

ಕುಂಟ್ತಾ ಇಲ್ಲ ನೀನು. ಕೇಳಿಸ್ತಾ? ಒಂದು ಹೆಜ್ಜೆನೂ ಕುಂಟ್ತಾ ಇಲ್ಲ.